ವೃತ್ತಿಯೂ ಗೃಹಸ್ಥಧರ್ಮವೂ

ಉದ್ಯೋಗದ ಒತ್ತಡದಲ್ಲಿ ಮನೆಗಾಗಲಿ ನಿತ್ಯಕರ್ಮಕ್ಕಾಗಲಿ ವೇಳೆ ಸಾಲದೆಂಬ ಕೊರಗು ಇಂದು ನಮ್ಮ ಸಮಾಜದ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಮೂಗೂರು, ಸೋಸಲೆ, ಬನ್ನೂರುಗಳಿಂದ ಬೆಳಗಿನ ಬಸ್ಸು ಹಿಡಿದು ಮೈಸೂರಿಗೋ ನಂಜನಗೂಡಿನ ಕಾರ್ಖಾನೆಗಳಿಗೋ ಹೋದವರು ದೀಪ ಹಚ್ಚಿದ ಮೇಲೆ ಹಿಂದಿರುಗುತ್ತಾರೆ. ಬೆಂಗಳೂರು ಸೇರಿದ ಮಕ್ಕಳಲ್ಲಿ ಹಲವರಿಗಂತೂ ಅಮೆರಿಕದವರ ಹಗಲೇ ದುಡಿಮೆಯ ಹೊತ್ತು. ಇವರಲ್ಲಿ ಅನೇಕರು 'ಕೆಲಸವೇ ದೇವರ ಪೂಜೆಯಲ್ಲವೆ?' ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಈ ಮಾತನ್ನು ಸ್ವಲ್ಪ ವಿಚಾರಿಸೋಣ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಶ್ರೀಹರಿಯ ಪೂಜೆಯೆನಿಸುವುದು ವಿಹಿತಕರ್ಮ. ಗೃಹಸ್ಥನಿಗೆ ವಿಹಿತವಾದವುಗಳಲ್ಲಿ ಸಂಪಾದನೆಯೂ ಒಂದು; ಅದೊಂದೇ ಅಲ್ಲ. ದೇವ, ಋಷಿ, ಪಿತೃ, ಮನುಷ್ಯ, ಭೂತ ಎಂಬ ಐದು ಯಜ್ಞಗಳು ಅವನಿಗೆ ಪ್ರತಿನಿತ್ಯವೂ ಹೇಳಲ್ಪಟ್ಟಿವೆ. ಅತಿಥಿಗೆ ಅನ್ನವಿಡುವುದು, ಪಶುಪಕ್ಷಿಗಳಿಗೆ ತುತ್ತು ಹಾಕುವುದು, ಅಧ್ಯಯನ ಮಾಡುವುದು - ಇವೆಲ್ಲ ನಡೆಯಬೇಕಾದುದು ಮನೆಯಲ್ಲಿಯೇ. ಕಚೇರಿ ಉಳಿಸಿಕೊಟ್ಟ ವೇಳೆಯಲ್ಲಿ ಸಾಗಿದರೆ ಸಾಗಲಿ ಎಂದು ಶಾಸ್ತ್ರವು ಇವನ್ನು ಎಲ್ಲಿಯೂ ಬಿಟ್ಟಿಲ್ಲ. ಕೆಲಸವೇ ಪೂಜೆಯೆನ್ನುವವರು ಈ ಕೆಲಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ.

ಲೆಕ್ಕವೆಂದ ಮೇಲೆ ಘಳಿಗೆಗಳನ್ನೂ ಎಣಿಸಬಹುದು. 24 ನಿಮಿಷಕ್ಕೆ ಒಂದು ಘಳಿಗೆಯಂತೆ ದಿನಕ್ಕೆ 60, ವಾರಕ್ಕೆ 420 ಘಳಿಗೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಬಹಳ ಚರ್ಚೆಯಾಯಿತು. 70 ಗಂಟೆಯೆಂದರೆ 175 ಘಳಿಗೆ. ಆರು ದಿನಕ್ಕೆ ಹಂಚಿ, ಹೋಗಿಬರಲು ದಿನಕ್ಕೆ ಮೂರು ಗಂಟೆ, ನಿದ್ರೆಗೆ ಆರು ಗಂಟೆ ಎಂದಿಟ್ಟರೆ ಉಳಿಯುವುದು ಎಂಟು ಘಳಿಗೆ ಚಿಲ್ಲರೆ. ಸ್ನಾನ, ಸಂಧ್ಯೆ, ದೇವರ ಪೂಜೆ, ಊಟ, ಮಕ್ಕಳ ಪಾಠ, ಹಿರಿಯರ ಔಷಧ ಎಲ್ಲವೂ ಇದರೊಳಗೇ ಆಗಬೇಕು!

'ನಿವೃತ್ತಿಯಾಗಲಿ, ಆಮೇಲೆ ಎಲ್ಲವನ್ನೂ ನೋಡಿಕೊಳ್ಳೋಣ' ಎನ್ನುವವರೂ ಇದ್ದಾರೆ. ಅಂಥವರಿಗೆ ನಮ್ಮ ನೆರೆಯ ಯಳಂದೂರಿನ ಇತಿಹಾಸವನ್ನು ಜ್ಞಾಪಿಸುತ್ತೇವೆ. ಹೈದರ್ ಮತ್ತು ಟಿಪ್ಪುವಿನ ಆಡಳಿತದಲ್ಲಿ ದುಡಿದು, 1799ರಿಂದ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ ಯಳಂದೂರಿನ ಜಹಗೀರು ದೊರೆತದ್ದು 1807ರಲ್ಲಿ. ಅವರು ಅಧಿಕಾರ ಬಿಟ್ಟದ್ದು 1811ರಲ್ಲಿ. 1812ರ ಮಾರ್ಚಿನಲ್ಲಿಯೇ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಅಂತಹ ಮಹಾಪುರುಷರಿಗೂ ವಿಶ್ರಾಂತಿಯ ಕಾಲವು ಒಂದೆರಡು ವರ್ಷವೂ ಒದಗಲಿಲ್ಲ.

ಹಾಗೆಂದು ಉದ್ಯೋಗವನ್ನು ತೊರೆಯಿರೆಂದು ನಾವು ಹೇಳುತ್ತಿಲ್ಲ. ತೊರೆದರೆ ಅತಿಥಿಗೆ ಅನ್ನ ಎಲ್ಲಿಂದ? ನಮ್ಮ ಹಿರಿಯರು ಕಾಲದ ಇಕ್ಕಟ್ಟನ್ನು ಬಲ್ಲವರಾಗಿದ್ದರು. ಸಂಧ್ಯಾವಂದನೆಯ ಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಹೆಚ್ಚಾಗಿ ಕೊಡಬೇಕೆಂಬ ವಿಧಿಯೇ ಇದೆ. ತಡವಾಯಿತೆಂದು ಕರ್ಮವನ್ನೇ ಬಿಡಲು ಮಾತ್ರ ಅನುಮತಿಯಿಲ್ಲ.

ಸಾಧನದ್ವಾದಶಿಯನ್ನು ನೋಡಿರಿ. ದ್ವಾದಶಿಯು ಸೂರ್ಯೋದಯದ ನಂತರ ಸ್ವಲ್ಪವೇ ಹೊತ್ತು ಇರುವುದಾದರೆ, ಮಧ್ಯಾಹ್ನದವರೆಗಿನ ಕರ್ಮಗಳನ್ನೆಲ್ಲ ಅರುಣೋದಯದಲ್ಲಿ, ಅಂದರೆ ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಘಳಿಗೆಯಲ್ಲಿ ಮುಗಿಸಿ, ತಿಥಿಯೊಳಗೆ ಪಾರಣೆ ಮಾಡತಕ್ಕದ್ದು. ಇಲ್ಲಿ ವೇಳೆ ಕಿರಿದಾದರೂ ಪೂಜೆ ತಪ್ಪುವುದಿಲ್ಲ. ಹಿಂದಕ್ಕೆ ಸರಿಯುವುದು ನಿದ್ರೆ. ಬಸ್ಸಿಗೆ ಮುಂಚೆ ಒಂದೂವರೆ ಗಂಟೆ ಎದ್ದವನಿಗೆ ಇದೇ ನಾಲ್ಕು ಘಳಿಗೆ ಪ್ರತಿದಿನವೂ ದೊರೆಯುವುದು. ಆ ನಿದ್ರೆಯನ್ನು ರಾತ್ರಿ ಬೇಗ ಮಲಗಿ ತುಂಬಿಕೊಳ್ಳಬೇಕು. ಮೊಬೈಲನ್ನು ಕೆಳಗಿಟ್ಟರೆ ಇದೇನೂ ಅಸಾಧ್ಯವಲ್ಲ.

ಇನ್ನೊಂದು ಮಾತು. ಅರುಣೋದಯದ ಅಡುಗೆಯ ಹೊರೆಯೆಲ್ಲ ಗೃಹಿಣಿಯ ಮೇಲೆಯೇ ಬೀಳುತ್ತಿದೆ. ಈಗ ಅವಳೂ ಅದೇ ಬಸ್ಸಿಗೆ ಓಡುವವಳು. ಮಠದ ಅಡುಗೆಯನ್ನು ಗಂಡಸರೇ ಮಡಿಯುಟ್ಟು ಮಾಡುವಾಗ ಮನೆಯಲ್ಲಿ ಮಾಡಲು ಸಂಕೋಚವೇಕೆ? ಮುಂದಿನ ದ್ವಾದಶಿಯಂದು ಅಗಸೆಸೊಪ್ಪು ಬಿಡಿಸಿ, ಹೆಸರುಬೇಳೆ ಬೇಯಿಸುವಷ್ಟನ್ನಾದರೂ ಯಜಮಾನರು ವಹಿಸಿಕೊಳ್ಳಲಿ. ಎಲೆಗಳನ್ನು ಮಕ್ಕಳು ಹಾಕುವರು. ಬಸ್ಸು ಬರುವುದರೊಳಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಪಾರಣೆಗೆ ಕೂಡಬಹುದು.