ಹೆಸರು ನೋಡಿ ಕೆಲಸ ಕಸಿದಾಗ: ಕಾರ್ಮಿಕ ಸಂಘಕ್ಕೆ ಏಳು ಸೂತ್ರಗಳು

2021ರ ಮೇ ತಿಂಗಳು. ಬೆಂಗಳೂರು ದಕ್ಷಿಣದ ಕೋವಿಡ್ ವಾರ್ ರೂಮ್‌ನಲ್ಲಿ ಹಾಸಿಗೆ ಹಂಚಿಕೆಯ ಅಕ್ರಮದ ಆರೋಪ ಎದ್ದಿತು. ಅಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ 17 ಮುಸ್ಲಿಮರ ಹೆಸರನ್ನಷ್ಟೇ ಕ್ಯಾಮೆರಾ ಮುಂದೆ ಓದಲಾಯಿತು. ಏಜೆನ್ಸಿ ಮೂಲಕ ಬಂದಿದ್ದ ಅವರು ಕೆಲಸದಿಂದ ಹೊರಬಿದ್ದರು. ಹೆಸರೇ ಆರೋಪವಾದಾಗ ಒಬ್ಬೊಬ್ಬರೇ ನಿಂತು ಉತ್ತರಿಸಲಾಗದು. ಜೊತೆಗೆ ಸಂಘ ನಿಲ್ಲಬೇಕು. ಹೇಗೆಂದರೆ:

1. ಮೊದಲ ದಿನವೇ ಪತ್ರ ಕೊಡಿ
‘ನಾಳೆಯಿಂದ ಬರಬೇಡ’ ಎಂದವರಿಂದ ಕಾರಣವನ್ನು ಬರಹದಲ್ಲಿ ಕೇಳಿ. ದೂರು ಏನು? ಕೊಟ್ಟವರು ಯಾರು? ಅದೇ ಪಾಳಿಯ ಉಳಿದವರನ್ನೂ ವಿಚಾರಿಸಿದ್ದೀರಾ? ಮೂರನೆಯ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ತಾರತಮ್ಯ ಬಯಲಾಗುವುದೇ ಅಲ್ಲಿ. ಸುಳ್ಳು ಕಾರಣ ಹೇಳಿ ವಜಾ ಮಾಡುವುದು, ಅರ್ಹತೆ ನೋಡದೆ ಒಂದು ಗುಂಪಿನ ಕಡೆ ವಾಲುವುದು, ಎರಡೂ ಕೈಗಾರಿಕಾ ಕಾನೂನಿನ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿವೆ. ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುವಾಗ ಈ ಪತ್ರ ನಿಮ್ಮ ಕೈಯಲ್ಲಿರಬೇಕು.

2. ವೇತನ ಒಪ್ಪಂದದಲ್ಲೇ ಷರತ್ತು ಬರೆಸಿ
ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ ಅನ್ವಯಿಸುತ್ತದೆ. ಖಾಸಗಿ ಕಂಪನಿಯೊಂದು ಧರ್ಮ ನೋಡಿ ಅರ್ಜಿ ಪಕ್ಕಕ್ಕಿಟ್ಟರೆ ಹಿಡಿದು ಕೇಳುವ ಸಮಗ್ರ ಕಾನೂನು ನಮ್ಮಲ್ಲಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು: ಖಾಸಗಿ ಉದ್ಯೋಗಗಳಿಗೆ ಅಷ್ಟೇ ಅರ್ಹತೆಯ ಅರ್ಜಿ ಹೋದರೂ, ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಮುಸ್ಲಿಂ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ. ಕಾನೂನು ಬಿಟ್ಟ ಈ ಜಾಗವನ್ನು ಒಪ್ಪಂದ ತುಂಬಬಲ್ಲದು. ನೇಮಕ, ಬಡ್ತಿ, ವರ್ಗಾವಣೆ, ಓಟಿ ಹಂಚಿಕೆಯಲ್ಲಿ ಧರ್ಮ ನೋಡುವಂತಿಲ್ಲ ಎಂಬ ಸಾಲನ್ನು ಬೇಡಿಕೆ ಪಟ್ಟಿಯಲ್ಲಿ ಸೇರಿಸಿ. ಚೌಕಾಸಿಯಲ್ಲಿ ಮೊದಲು ಕೈಬಿಡುವ ಬೇಡಿಕೆ ಅದಾಗದಿರಲಿ.

3. ಗುತ್ತಿಗೆಯವರಿಗೂ ಸದಸ್ಯತ್ವದ ರಸೀದಿ ಕೊಡಿ
ಖಾಯಂ ನೌಕರರ ಸಂಘ ಬಾಗಿಲು ಮುಚ್ಚಿಕೊಂಡರೆ, ಸುಲಭವಾಗಿ ಹೊರದಬ್ಬಬಹುದಾದವರು ಹೊರಗೇ ಉಳಿಯುತ್ತಾರೆ. ಆ್ಯಪ್‌ ಕಂಪನಿಗಳ ಡೆಲಿವರಿ ಹುಡುಗರನ್ನೂ ಮರೆಯಬೇಡಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಅವರನ್ನು ತೆಗೆಯಲು ಸಾಮಾನ್ಯವಾಗಿ 14 ದಿನಗಳ ನೋಟಿಸ್ ಮತ್ತು ಲಿಖಿತ ಕಾರಣ ಬೇಕು. ಇಂಥ ಧರ್ಮದವರಿಂದ ಊಟ ಕಳಿಸಬೇಡಿ ಎನ್ನುವ ಗ್ರಾಹಕನ ಮಾತು ಕಾರಣವಾಗದಂತೆ ನೋಡಿಕೊಳ್ಳುವುದು ಸಂಘದ ಹೊಣೆ.

4. ರಜೆ, ಪಾಳಿಗಳನ್ನು ಮುಂಚಿತವಾಗಿ ಮಾತಾಡಿ
ರಂಜಾನ್, ಬಕ್ರೀದ್ ರಜೆ ಹಾಗೂ ಶುಕ್ರವಾರದ ನಮಾಜಿನ ವೇಳೆಗೆ ಬಿಡುವು ಸೂಪರ್‌ವೈಸರನ ದಯೆಯಾಗಬಾರದು. ವರ್ಷದ ರಜಾ ಪಟ್ಟಿ ಮಾಡುವಾಗಲೇ ಕೂತು ತೀರ್ಮಾನಿಸಿ. ದೀಪಾವಳಿಗೆ ಮುಸ್ಲಿಮರು, ಈದ್‌ಗೆ ಹಿಂದೂಗಳು ಪಾಳಿ ಬದಲಿಸಿಕೊಳ್ಳುವ ಪದ್ಧತಿಗೆ ಲಿಖಿತ ರೂಪ ಕೊಡಿ.

5. ‘ತಮಾಷೆ’ ಎಂದು ಬಿಡಬೇಡಿ
ಕ್ಯಾಂಟೀನಿನಲ್ಲಿ ಸಹೋದ್ಯೋಗಿಯನ್ನು ‘ಪಾಕಿಸ್ತಾನಕ್ಕೆ ಹೋಗು’ ಎನ್ನುವುದು, ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ದ್ವೇಷದ ವಿಡಿಯೊ ಹಾಕುವುದು ಸಂಘದ ಶಿಸ್ತಿನ ಉಲ್ಲಂಘನೆ ಎಂದು ನಿಯಮಾವಳಿಯಲ್ಲಿ ಬರೆಯಿರಿ. ಹಾಕಿದವರು ಅಧ್ಯಕ್ಷರಾದರೂ ಸರಿ. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಕಡ್ಡಾಯ, ಅದನ್ನು ಬಳಸಿ.

6. ಬೀದಿಗಿಳಿಯಿರಿ, ಮನೆ ಬಾಗಿಲಿಗೂ ಹೋಗಿ
2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಿದಾಗ ಪೆಟ್ಟು ಬಿದ್ದದ್ದು ದಿನದ ಸಂಪಾದನೆ ನಂಬಿದ ಕುಟುಂಬಗಳಿಗೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಅಲ್ಪಸಂಖ್ಯಾತರಿಗೂ ಸ್ಥಾನ ಸಿಗಬೇಕು. ನಿಮ್ಮೂರಿನ ಸಮಿತಿಯಲ್ಲಿ ಇದ್ದಾರೆಯೇ, ವಿಚಾರಿಸಿ. ದಕ್ಷಿಣ ಕನ್ನಡದಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಮುಸ್ಲಿಂ ಹೆಂಗಸರು ಸಂಜೆ ಪೇಟೆಯಲ್ಲಿ ನಡೆಯುವ ಸಭೆಗೆ ಬರಲಾರರು. ಅವರು ಬೀಡಿ ಕೊಡಲು ಬ್ರಾಂಚಿಗೆ ಬರುವ ಹೊತ್ತಿಗೇ ಅಲ್ಲಿ ಸಭೆ ಇಟ್ಟುಕೊಳ್ಳಿ. ಪದಾಧಿಕಾರಿಗಳ ಪಟ್ಟಿಯಲ್ಲೂ ಅವರ ಹೆಸರು ಬರಲಿ.

7. ಸಾಕ್ಷಿ ಹೇಳಿದವರ ಬೆನ್ನಿಗೂ ನಿಲ್ಲಿ
ತಾರತಮ್ಯದ ಪ್ರಕರಣ ಗಟ್ಟಿಯಾಗುವುದು ಪಕ್ಕದ ಯಂತ್ರದ ಹಿಂದೂ, ಕ್ರೈಸ್ತ ಗೆಳೆಯರು ಕಂಡದ್ದನ್ನು ಕಂಡಂತೆ ಹೇಳಿದಾಗ. ಅವರ ಹೇಳಿಕೆಯನ್ನು ದಿನಾಂಕ, ಸಹಿಯೊಂದಿಗೆ ಅಂದೇ ಪಡೆಯಿರಿ. ಮುಂದೆ ವರ್ಗಾವಣೆ ಪಟ್ಟಿಯಲ್ಲಿ ಅವರ ಹೆಸರು ಕಂಡರೆ, ಅದನ್ನೂ ಸೇಡಿನ ಕ್ರಮವೆಂದೇ ಹಿಡಿದು ಸಂಘ ಮೊದಲ ಸೂತ್ರದಂತೆ ಪತ್ರ ಬರೆಯಲಿ.