ಶಮೆದಮೆ ಇಲ್ಲದವಳೇ ನಾನು?

ಪ್ರಶ್ನೆ: ನನ್ನ ಮಾವನವರಿಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ಕೇಳಿದ್ದನ್ನೇ ಕೇಳುತ್ತಾರೆ. ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಬಾಗಿಲು ಬಡಿಯುತ್ತಾರೆ. ದಿನವಿಡೀ ತಡೆದುಕೊಂಡವಳು ಆ ಹೊತ್ತಿಗೆ ಕೂಗಾಡಿಬಿಡುತ್ತೇನೆ, ಆಮೇಲೆ ಅಳುತ್ತೇನೆ. ಶಮೆದಮೆ ಪವಿತ್ರಾತ್ಮನ ಫಲವೆಂದು ಸಂಡೇ ಸ್ಕೂಲಿನಲ್ಲಿ ಕಲಿಸುವವಳೂ ನಾನೇ. ನನ್ನಲ್ಲಿ ಆ ಫಲವೇ ಇಲ್ಲವೇ?

ಉತ್ತರ: ಸಹೋದರಿ, ‘ದಿನವಿಡೀ ತಡೆದುಕೊಂಡವಳು’ ಎಂದು ನೀವೇ ಬರೆದಿದ್ದೀರಿ, ಆದರೆ ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲನು ಹೇಳುವ ಒಂಬತ್ತು ಗುಣಗಳಲ್ಲಿ ಕೊನೆಯದಾದ ಶಮೆದಮೆಗೆ ಗ್ರೀಕಿನಲ್ಲಿ ಇರುವ ಪದ ಎಂಕ್ರಾತೇಯ. ಅದರೊಳಗಿನ ಕ್ರಾತೊಸ್ ಎಂದರೆ ಬಲ, ಹಿಡಿತ. ಅವನಿಗಿಂತ ಸುಮಾರು ನಾಲ್ಕು ಶತಮಾನ ಹಿಂದಿನ ಅರಿಸ್ಟಾಟಲ್ ಇಬ್ಬರನ್ನು ಬೇರೆಬೇರೆಯಾಗಿ ಗುರುತಿಸಿದ್ದ: ಕೆಟ್ಟ ಸೆಳೆತವೇ ಹುಟ್ಟದವನು ಒಬ್ಬ, ಸೆಳೆತ ಹುಟ್ಟಿದರೂ ಅದಕ್ಕೆ ಮಣಿಯದವನು ಇನ್ನೊಬ್ಬ. ಎಂಕ್ರಾತೇಯ ಈ ಎರಡನೆಯವನ ಗುಣ. ಪೌಲನ ಪಟ್ಟಿಯಲ್ಲಿರುವುದೂ ಅದೇ ಪದ. ಒಳಗೆ ಸಿಟ್ಟು ಕುದಿಯುತ್ತದೆ ಎಂಬ ಕಾರಣಕ್ಕೆ ಫಲವಿಲ್ಲವೆಂದು ತೀರ್ಮಾನಿಸಬೇಡಿ.

ಕೂಗಿದ್ದು ಸರಿಯೆಂದು ನಾನು ಹೇಳಲಾರೆ. ನೀವು ಆಡಿದ ಮಾತು ಅವರಿಗೆ ಮರೆತುಹೋಗಬಹುದು, ಹೆದರಿಕೆ ಉಳಿದುಬಿಡುತ್ತದೆ. ಆದರೆ ನಿಮ್ಮ ಸಿಟ್ಟು ನಿಜವಾಗಿ ಕಾಯಿಲೆಯ ಮೇಲೆ, ಬೀಳುತ್ತಿರುವುದು ಮಾವನವರ ಮೇಲೆ. ಹೊಸ ಒಡಂಬಡಿಕೆಯಲ್ಲಿ ಕಷ್ಟವನ್ನು ತಾಳುವುದಕ್ಕೂ ಮನುಷ್ಯರನ್ನು ತಾಳುವುದಕ್ಕೂ ಬೇರೆಬೇರೆ ಪದಗಳೇ ಇವೆ. ಹೊರೆಯ ಕೆಳಗೆ ಕುಸಿಯದೆ ನಿಲ್ಲುವ ತಾಳ್ಮೆ ಹುಪೊಮೊನೆ; ಅದನ್ನು ಬೇಡುವುದು ಕಾಯಿಲೆ. ಮನುಷ್ಯರ ಮೇಲಿನ ಕೋಪವನ್ನು ಬಹಳ ಕಾಲ ತಡೆಹಿಡಿಯುವುದು ಮಕ್ರೊಥುಮಿಯ, ನಮ್ಮ ಬೈಬಲಿನ ದೀರ್ಘಶಾಂತಿ. ಅದು ಸಲ್ಲಬೇಕಾದದ್ದು ಮಾವನವರಿಗೆ. ಕಾಯಿಲೆಯನ್ನು ದ್ವೇಷಿಸುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು ಆ ಸಂಜೆಯ ವಿಷಯ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ ಪೌಲನು ಎಂಕ್ರಾತೇಯದ ಕ್ರಿಯಾಪದವನ್ನು ಬಳಸುವುದು ಕ್ರೀಡಾಪಟುಗಳ ಬಗ್ಗೆ. ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಅಲ್ಲಿನ ಓಟಗಾರನ ಸಂಯಮ ಓಡುವ ಗಳಿಗೆಯಲ್ಲಿ ಹುಟ್ಟಿದ್ದಲ್ಲ, ಎಷ್ಟೋ ದಿನ ಮೊದಲೇ ಊಟದಲ್ಲಿ, ಅಭ್ಯಾಸದಲ್ಲಿ ರೂಢಿಯಾದದ್ದು. ನೀವಾದರೋ ದಿನದ ಕೊನೆಗೆ, ಸುಸ್ತಾಗಿ, ಒಬ್ಬರೇ ನಿಂತು ಹಲ್ಲು ಕಚ್ಚುತ್ತಿದ್ದೀರಿ. ಡಿಮೆನ್ಷಿಯಾ ಇರುವ ಅನೇಕರಿಗೆ ಸಂಜೆ ಗೊಂದಲ ಹೆಚ್ಚುತ್ತದೆ, ಅದು ಹಟವಲ್ಲ. ಓಟಗಾರನಂತೆ ನೀವೂ ಮೊದಲೇ ಸಿದ್ಧರಾಗಿ: ಕತ್ತಲಾಗುವ ಮುನ್ನ ದೀಪ ಹಾಕಿ. ‘ಇದೇ ನಿಮ್ಮ ಮನೆ’ ಎಂದು ವಾದಿಸದೆ, ಅವರ ಹಳೆಯ ಮನೆ ಹೇಗಿತ್ತೆಂದು ಕೇಳಿ ಮಾತಿಗೆಳೆಯಿರಿ. ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಿದರೆ ವೈದ್ಯರಿಗೆ ತೋರಿಸಿ. ಸೋಂಕು, ನೋವು ಅಥವಾ ಔಷಧಿ ಕಾರಣವಿರಬಹುದು.

ನಿಮ್ಮ ಪತ್ರದಲ್ಲಿ ಗಂಡನ ಸುದ್ದಿಯೇ ಇಲ್ಲ, ಅದು ನನ್ನನ್ನು ಕಾಡಿತು. ಪೌಲನು ಶಮೆದಮೆ ಎಂದ ಜಾಗದಿಂದ ಐದನೆಯ ವಚನದಲ್ಲೇ, 6ನೇ ಅಧ್ಯಾಯಕ್ಕೆ ಕಾಲಿಟ್ಟ ಕೂಡಲೇ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆನ್ನುತ್ತಾನೆ. ಆತ್ಮನ ಫಲದ ಮಾತನ್ನು ಅವನು ಬರೆದದ್ದು ಗಲಾತ್ಯದ ಸಭೆಗಳಿಗೆ, ಒಂಟಿಯಾಗಿ ಸೆಣಸುವ ಒಬ್ಬ ಹೆಣ್ಣುಮಗಳಿಗಲ್ಲ. ಸಂಜೆಯ ಆ ಒಂದು ಗಂಟೆಯನ್ನು ವಾರದಲ್ಲಿ ಕೆಲವು ದಿನವಾದರೂ ಗಂಡನೋ ನಾದಿನಿಯೋ ಸಭೆಯವರೋ ವಹಿಸಿಕೊಳ್ಳಲಿ. ನೀವಾಗಿ ಬಾಯಿಬಿಟ್ಟು ಕೇಳಿ, ಈ ಭಾನುವಾರವೇ. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.