ಅಪ್ಪನ ಲಾರಿಗೆ ಟರ್ಬೊ

ಪ್ರಶ್ನೆ: ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ ಹೆಸರಿನಲ್ಲಿ 1998ರ ಮಾಡೆಲ್ ಟಾಟಾ ಲಾರಿ ಇದೆ. ಆರು ಚಕ್ರದ್ದು, 697 ಎಂಜಿನ್, ಟರ್ಬೊ ಇಲ್ಲ. ಹತ್ತಿ ಸೀಸನ್ನಿನಲ್ಲಿ ರಾಯಚೂರು ಎಪಿಎಂಸಿಗೆ, ಭತ್ತದ ಸೀಸನ್ನಿನಲ್ಲಿ ಮಾನ್ವಿ ಕಡೆಯಿಂದ ರೈಸ್ ಮಿಲ್ಲುಗಳಿಗೆ ಬಾಡಿಗೆ ಹೊಡೆಯುತ್ತೇವೆ. ಎರಡು ವರ್ಷದಿಂದ ಪಿಕಪ್ ಇಲ್ಲ. ಲೋಡ್ ಇದ್ದಾಗ ಕಪ್ಪು ಹೊಗೆ ಬಿಡುತ್ತದೆ, ಡೀಸೆಲ್ ಕುಡಿಯುತ್ತದೆ. ರಾಯಚೂರಿನ ಒಬ್ಬ ಮಿಸ್ತ್ರಿ, ಗುಜರಿಗೆ ಬಂದ ಲಾರಿಯ ಟರ್ಬೊ ಕೂಡಿಸಿ ಪಂಪು ಸ್ವಲ್ಪ ಜಾಸ್ತಿ ಮಾಡಿಕೊಟ್ಟರೆ "ಹೊಸ ಗಾಡಿ ಹಂಗ ಎಳೀತದ" ಅನ್ನುತ್ತಾನೆ. ತಮ್ಮ ಅದಕ್ಕೇ ಪಟ್ಟು ಹಿಡಿದು, ಅವ್ವನ ಬಂಗಾರ ಒತ್ತೆ ಇಡೋಣ ಅಂತ ಕೂತಿದ್ದಾನೆ. ಅಪ್ಪ "ನನ್ನ ಎಂಜಿನ್ನಿಗೆ ಕೈ ಹಚ್ಚಬ್ಯಾಡ್ರಿ" ಅಂದವರು ತಮ್ಮನ ಜೊತೆ ಮಾತೇ ಬಿಟ್ಟಿದ್ದಾರೆ. ಇಬ್ಬರ ನಡುವೆ ನಾನು ಸಿಕ್ಕಿಕೊಂಡಿದ್ದೇನೆ. ಏನು ಮಾಡಲಿ?
ಹೆಸರು ಬೇಡ, ದೇವದುರ್ಗ

ಉತ್ತರ: ಸುತ್ತುಬಳಸಿ ಹೇಳುವುದಿಲ್ಲ. ಅವ್ವನ ಬಂಗಾರ ಮನೆಯಲ್ಲೇ ಇರಲಿ. ಈ ಎಂಜಿನ್ನಿಗೆ ಗುಜರಿ ಟರ್ಬೊ ಕೂಡಿಸಬೇಡಿ. ಹಾಗಂತ ನಿಮ್ಮ ತಮ್ಮನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಅವನಿಗೂ ಉತ್ತರ ಸಿಗಬೇಕು, ಅಪ್ಪನ ಹಟದಿಂದ ಅವನ ಬಾಯಿ ಮುಚ್ಚಿಸಿದರೆ ಜಗಳ ಇನ್ನೊಂದು ಹೆಸರಿನಲ್ಲಿ ಮತ್ತೆ ಎದ್ದೇಳುತ್ತದೆ.

ಅವನ ಮಾತಿನಲ್ಲಿ ನಿಜ ಇರುವುದು ಇಲ್ಲಿ. ಟರ್ಬೊ ಬಹಳ ಒಳ್ಳೆಯ ಯಂತ್ರ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನಲ್ಲಿ ಸುಮ್ಮನೆ ಹಾಳಾಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ನಿಮ್ಮ 697 ಎಂಜಿನ್ನನ್ನೇ ಕಂಪನಿಯವರು ಆಮೇಲೆ ಟರ್ಬೊ ಕೂಡಿಸಿ 697 ಟಿಸಿ ಎಂದು ಮಾರಿದರು. ಆರು ಸಿಲಿಂಡರು, 97 ಮಿಲಿಮೀಟರ್ ಬೋರು, ಎರಡರಲ್ಲೂ ಅದೇ. ಅದಕ್ಕೇ ಮಿಸ್ತ್ರಿಗೆ ಅಷ್ಟು ಧೈರ್ಯ. ಬೋಲ್ಟು ಕೂಡುತ್ತದೆ ಅಂದಮೇಲೆ ಎಂಜಿನ್ನೂ ತಡೆಯುತ್ತದೆ ಎಂದು ಅವನು ನಂಬಿರಬಹುದು, ಮೋಸ ಮಾಡುವ ಉದ್ದೇಶವೇ ಇರಬೇಕೆಂದಿಲ್ಲ.

ಆದರೆ ಗಾಳಿಯೊಂದರಿಂದ ಲಾರಿ ಎಳೆಯುವುದಿಲ್ಲ. ಎಳೆಯುವುದು ಡೀಸೆಲ್. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಟರ್ಬೊ ಗಾಳಿ ಹೆಚ್ಚಿಸಿ, ಪಂಪು ಹಾಗೇ ಬಿಟ್ಟರೆ ಹೊಗೆ ಕಡಿಮೆಯಾಗಬಹುದು, ಬಲ ಅಷ್ಟೇನೂ ಏರುವುದಿಲ್ಲ. ಬಲ ಬೇಕಾದರೆ ಪಂಪು ಜಾಸ್ತಿ ಮಾಡಲೇಬೇಕು. ಮಾಡಿದಿರೋ, ಹೆಚ್ಚಿನ ಡೀಸೆಲ್ಲಿನ ಕಾವು ಮತ್ತು ಒತ್ತಡ ಎರಡೂ ಪಿಸ್ಟನ್ ತಲೆ, ಹೆಡ್ ಗ್ಯಾಸ್ಕೆಟ್, ವಾಲ್ವು, ಬೇರಿಂಗುಗಳ ಮೇಲೆ ಕೂರುತ್ತವೆ. ಕಂಪನಿ ಟರ್ಬೊ ಎಂಜಿನ್ ಕಟ್ಟುವಾಗ ಪಿಸ್ಟನ್ ಬದಲಿಸುತ್ತದೆ, ಪಂಪನ್ನೂ ಬದಲಿಸುತ್ತದೆ, ಆಯಿಲ್ ಮತ್ತು ನೀರು ತಣ್ಣಗಿರಲು ಬೇರೆಯೇ ಏರ್ಪಾಟು ಮಾಡುತ್ತದೆ. ಅಂಥ ಪಂಪಿನ ತಲೆಯ ಮೇಲೆ ಒಂದು ಡಬ್ಬಿ ಇರುತ್ತದೆ. ಟರ್ಬೊ ಗಾಳಿ ಒತ್ತುವವರೆಗೆ ಹೆಚ್ಚಿನ ಡೀಸೆಲ್ ಬಿಡದಂತೆ ಅದು ತಡೆಯುತ್ತದೆ. ನಿಮ್ಮ ಪಂಪಿಗೆ ಅದಿಲ್ಲ. ಹಾಗಾಗಿ ಗೇರು ಬದಲಿಸಿದಾಗೆಲ್ಲ ಗಾಳಿ ಬರುವ ಮೊದಲೇ ಡೀಸೆಲ್ ಸುರಿದು, ಕಪ್ಪು ಹೊಗೆ ಈಗಿನದಕ್ಕಿಂತ ಹೆಚ್ಚಾಗುತ್ತದೆ.

ಇನ್ನು ನಮ್ಮ ಬಿಸಿಲು. ಬೇಸಿಗೆ ಭತ್ತ ಮಾನ್ವಿಯಿಂದ ಹೊರಡುವುದು ಏಪ್ರಿಲ್, ಮೇ ತಿಂಗಳಲ್ಲಿ, 42–43 ಡಿಗ್ರಿ ಸುಡು ಬಿಸಿಲಿನಲ್ಲಿ. ಆ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ ಸಾಕು, ಸಿಲಿಂಡರಿಗೆ ಹೋಗುವ ಹೊತ್ತಿಗೆ ಅದೇ 90–100 ಡಿಗ್ರಿ ಆಗಿರುತ್ತದೆ. ಹೊಸ ಲಾರಿಗಳಲ್ಲಿ ಇಂಟರ್‌ಕೂಲರ್ ಇಡುವುದು ಅದಕ್ಕಾಗಿ. ನಿಮ್ಮ ಮಿಸ್ತ್ರಿ ಅದರ ಮಾತೇ ಎತ್ತಿಲ್ಲ. ಮಾನ್ವಿಯಿಂದ ಕಲ್ಲೂರು ದಾಟಿ ರಾಯಚೂರಿನವರೆಗೆ ಲೋಡು ಹೊತ್ತು ಆಕ್ಸಿಲರೇಟರ್ ತುಳಿದೇ ಓಡುವ ಎಂಜಿನ್ನಿಗೆ ತಣ್ಣಗಾಗಲು ಪುರಸೊತ್ತೇ ಸಿಗುವುದಿಲ್ಲ. ಅಪ್ಪನಿಗೆ ಲೆಕ್ಕ ಗೊತ್ತಿರಲಿಕ್ಕಿಲ್ಲ, ಎಂಜಿನ್ನಿನ ಸ್ವಭಾವ ಗೊತ್ತಿದೆ. ಅವರ ಹೆದರಿಕೆ ಹುಸಿಯಲ್ಲ.

ಗುಜರಿ ಟರ್ಬೊದ ಬಗ್ಗೆ ಇನ್ನೊಂದು ಮಾತು, ಇದು ಜೀವದ ಮಾತು. ಎರಡು ಚಕ್ರ ಹೊತ್ತ ಆ ದಂಡ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಎಂಜಿನ್ ಆಯಿಲ್ಲಿನ ತೆಳು ಪೊರೆಯ ಮೇಲೆ. ಹಳೆಯ ಟರ್ಬೊದ ಸೀಲು ಸವೆದಿದ್ದರೆ ಆಯಿಲ್ ಗಾಳಿಯ ದಾರಿಗೆ ಇಳಿಯುತ್ತದೆ. ಡೀಸೆಲ್ ಎಂಜಿನ್ ಆ ಆಯಿಲ್ಲನ್ನೇ ಉರಿಸಿಕೊಂಡು ಓಡಲು ಶುರು ಮಾಡಬಹುದು. ಆಗ ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ, ಏಕೆಂದರೆ ಅದು ಪಂಪಿನ ಡೀಸೆಲ್ಲಿನಿಂದ ಓಡುತ್ತಿರುವುದಿಲ್ಲ. ಗಾಳಿಯ ಬಾಯಿ ಮುಚ್ಚಬೇಕು, ಇಲ್ಲವೇ ಎಂಜಿನ್ ಒಡೆಯುವವರೆಗೆ ದೂರ ನಿಲ್ಲಬೇಕು. ಮಿಲ್ಲಿನ ಅಂಗಳದಲ್ಲಿ, ಹಮಾಲರ ನಡುವೆ ಹಾಗಾದರೆ? ತಮ್ಮನಿಗೆ ಇದೊಂದನ್ನು ಬಿಡಿಸಿ ಹೇಳಿ.

ಇಷ್ಟೆಲ್ಲ ಅಪಾಯ ಮೈಮೇಲೆ ಹಾಕಿಕೊಂಡರೂ ನಿಮಗೆ ಎಳೆತ ಬೇಕಾದ ಜಾಗದಲ್ಲಿ ಟರ್ಬೊ ಒದಗುವುದಿಲ್ಲ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯೇನೂ ತೆಳುವಾಗಿಲ್ಲ. ಲಡಾಖಿನ ಕಣಿವೆ ಹತ್ತುವ ಲಾರಿಯ ಕಷ್ಟ ನಿಮ್ಮದಲ್ಲ. ನಿಮ್ಮ ಲಾರಿ ಸೋಲುವುದು ಕಾಲುವೆ ದಂಡೆಯ ಎರೆಮಣ್ಣಿನ ದಾರಿಯಲ್ಲಿ, ಚೀಲ ಹೇರಿಕೊಂಡು ಒಂದನೇ ಗೇರಿನಲ್ಲಿ ಮೇಲೆದ್ದು ಬರುವಾಗ. ಆ ನಿಧಾನದ ಸುತ್ತಿನಲ್ಲಿ ಹೊಗೆಯ ರಭಸ ಸಾಲದು, ಟರ್ಬೊ ಗಾಳಿ ಒತ್ತುವುದೇ ಇಲ್ಲ. ಅದು ಕೈಹಿಡಿಯುವುದು ಡಾಂಬರು ರಸ್ತೆಗೆ ಬಂದು ವೇಗ ಹಿಡಿದ ಮೇಲೆ. ವೇಗ ಹೆಚ್ಚಿಸಿಕೊಂಡ 1998ರ ಲಾರಿಗೆ ಬ್ರೇಕು ಮಾತ್ರ 1998ರದ್ದೇ.

ಹತ್ತಿಯ ಬಾಡಿಗೆಗಂತೂ ಇದರ ಅಗತ್ಯವೇ ಇಲ್ಲ. ಹತ್ತಿ ತೂಕ ಮುಟ್ಟುವ ಮೊದಲೇ ಜಾಗ ತುಂಬುತ್ತದೆ. ತೂಕದ ಮಾಲು ಅಂದರೆ ಭತ್ತ. 75 ಕಿಲೋ ಚೀಲದ ಲೆಕ್ಕದಲ್ಲಿ 133 ಚೀಲಕ್ಕೆ ಹತ್ತು ಟನ್ ಹತ್ತಿರ ಆಗುತ್ತದೆ. ಬಲ ಬಂತೆಂದು ಅದರ ಮೇಲೆ ಇನ್ನಷ್ಟು ಹೇರುವ ಆಸೆ ತಮ್ಮನಿಗಿದ್ದರೆ, ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಓದಿಸಿ: ಮಿತಿ ಮೀರಿದ ಲೋಡಿಗೆ 20,000 ರೂಪಾಯಿ, ಮೀರಿದ ಒಂದೊಂದು ಟನ್ನಿಗೆ ಮತ್ತೆ 2,000.

ಈಗ ನಿಜವಾದ ರೋಗದ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು "ಎರಡು ವರ್ಷದಿಂದ" ಎಂಬ ಮಾತು. ಅದಕ್ಕೂ ಮೊದಲು ಇದೇ ಎಂಜಿನ್ ಇದೇ ಭತ್ತ ಎಳೆಯುತ್ತಿತ್ತು. ಹುಟ್ಟಿನಿಂದ ಇದ್ದ ಬಲ ಎಲ್ಲೋ ಸೋರಿದೆ. ಅದನ್ನು ಹುಡುಕದೆ ಮೇಲೆ ಟರ್ಬೊ ಹಾಕುವುದು, ಸವೆದ ಎಂಜಿನ್ನಿಗೆ ಇನ್ನೂ ಭಾರ ಹೊರಿಸುವುದೇ ಆಯಿತು. ಹುಡುಕಲು ಬಹಳ ಖರ್ಚಿಲ್ಲ, ಮೊದಲ ಅರ್ಧ ಕೆಲಸ ನೀವೇ ಮನೆ ಮುಂದೆ ಮಾಡಬಹುದು.

ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಆಕ್ಸಿಲರೇಟರನ್ನು ತಳಕ್ಕೆ ತುಳಿಯಲಿ, ಎಂಜಿನ್ ಬಂದ್ ಇರಲಿ. ಇನ್ನೊಬ್ಬರು ಪಂಪಿನ ಲಿವರ್ ನೋಡಲಿ. ಅದು ಕೊನೆಯ ತಡೆ ಸ್ಕ್ರೂಗೆ ಪೂರ್ತಿ ತಾಗುತ್ತಿಲ್ಲವೆಂದರೆ ನಿಮ್ಮ ಪಿಕಪ್ಪು ಸವೆದ ಜೋಡಣೆಯಲ್ಲೇ ಉಳಿದುಹೋಗುತ್ತಿದೆ. ಆಮೇಲೆ ಎಂಜಿನ್ ಬಿಸಿ ಮಾಡಿ, ಸಣ್ಣ ಓಟದಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಆ ಬಾಯಿಯ ಮೇಲೆ ಸುಮ್ಮನೆ ಇಡಿ. ಅಲ್ಲಾಡಿದರೆ ಪರವಾಗಿಲ್ಲ. ಹಾರಿಬಿದ್ದರೆ, ಬುಸುಬುಸು ಹೊಗೆ ಎದ್ದರೆ ರಿಂಗು, ಬೋರು ಸವೆದಿವೆ ಎಂಬ ಗುಮಾನಿ ಇಟ್ಟುಕೊಳ್ಳಿ. ಖಾಲಿ ಲಾರಿಯನ್ನು ಗಬ್ಬೂರಿನ ಕಡೆ ಒಂದು ಸುತ್ತು, ಆದಷ್ಟು ಬ್ರೇಕ್ ಹಿಡಿಯದೆ ಓಡಿಸಿ ತಂದು ನಾಲ್ಕೂ ಡ್ರಮ್ಮಿನ ಮೇಲೆ ಎರಡು ಹನಿ ನೀರು ಚಿಮುಕಿಸಿ. ಒಂದರಲ್ಲಿ ಚುರ್ ಎಂದರೆ ಆ ಬ್ರೇಕು ಬಿಡುತ್ತಿಲ್ಲ, ಎಂಜಿನ್ ಅದರ ಜೊತೆ ಹೋರಾಡುತ್ತಿದೆ. ಸುತ್ತು ಏರಿದರೂ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟು ನೋಡಿಸಿ.

ಹೊಗೆಯ ಬಣ್ಣವೂ ಗುಟ್ಟು ಬಿಟ್ಟುಕೊಡುತ್ತದೆ. ಕಪ್ಪು ಅಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ, ಅಥವಾ ನಾಜಲ್ ಸರಿಯಾಗಿ ಚಿಮುಕಿಸದೆ ಸುರಿಸುತ್ತಿದೆ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ನಿಮ್ಮದು ಕಪ್ಪು. ಅದಕ್ಕೆ ನನ್ನ ಮೊದಲ ಅನುಮಾನ ಏರ್ ಕ್ಲೀನರ್ ಮೇಲೆ, ಎರಡನೆಯದು ನಾಜಲ್ಲಿನ ಮೇಲೆ. ಈ ಎಂಜಿನ್ 2,000 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 5,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಯಾವುದು? ಹತ್ತಿ ಮಾರ್ಕೆಟ್ಟಿನ ಎಳೆ, ಮಿಲ್ಲಿನ ಉಮಿ ಧೂಳು, ಎರೆಹೊಲದ ಕರಿ ಪುಡಿ. ಏರ್ ಕ್ಲೀನರ್ ಬಿಚ್ಚಿ ತೊಳೆದು ಎಷ್ಟು ದಿನವಾಯಿತು ಎಂದು ಅಪ್ಪನನ್ನೇ ಕೇಳಿ. ರೇಡಿಯೇಟರಿನ ಸಂದುಗಳಲ್ಲೂ ಅದೇ ಎಳೆ ಮೆತ್ತಿಕೊಂಡಿರುತ್ತದೆ, ಎಂಜಿನ್ ಕಡೆಯಿಂದ ಹೊರಗೆ ಗಾಳಿ ಹೊಡೆಸಿ.

ಇಷ್ಟಾದ ಮೇಲೆ ಪಂಪು ಮತ್ತು ನಾಜಲ್ ಬಿಚ್ಚಿಸಿ, ಟೆಸ್ಟ್ ಬೆಂಚ್ ಇರುವ ಪಂಪ್ ರೂಮಿಗೆ ಒಯ್ಯಿರಿ. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಗ್ಯಾರೇಜಿನವರ ಬಾಯಲ್ಲಿ ಮಾತ್ರ ಇವತ್ತಿಗೂ ಮೈಕೋ ಪಂಪೇ. ಬೆಂಚಿನ ಮೇಲೆ ಕೂಡಿಸಿ ತಿರುಗಿಸಿದಾಗ ಆರು ಲೈನಿನ ಎಣ್ಣೆ ಆರು ಗಾಜಿನ ಕೊಳವೆಗೆ ಬೀಳುತ್ತದೆ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ನಿಂತಿದ್ದು ಬರಿಗಣ್ಣಿಗೇ ಕಾಣುತ್ತದೆ. ಹೆಚ್ಚು ಬಿದ್ದ ಸಿಲಿಂಡರು ಹೊಗೆ ಬಿಡುತ್ತದೆ, ಕಡಿಮೆ ಬಿದ್ದದ್ದು ಎಳೆಯುವುದಿಲ್ಲ. ಆರನ್ನೂ ಕಂಪನಿಯ ಅಳತೆಗೆ ಸಮ ಮಾಡಿಸಿ, ಸ್ಕ್ರೂಗೆ ಸೀಲು ಹಾಕಿಸಿ, ಅಳತೆ ಬರೆದ ಚೀಟಿ ಕೇಳಿ ಪಡೆಯಿರಿ. "ಸ್ವಲ್ಪ ಜಾಸ್ತಿ ಇಡಲಾ?" ಎಂದು ಅಲ್ಲಿಯೂ ಕೇಳುತ್ತಾರೆ. ಬೇಡ ಅನ್ನಿ. ಪಂಪು ವಾಪಸ್ ಕೂಡಿಸುವಾಗ ಟೈಮಿಂಗ್ ಗುರುತು ನೋಡಿ ಕೂಡಿಸಬೇಕು, ಅಂದಾಜಿನ ಮೇಲಲ್ಲ. ನಾಜಲ್ ಹೊರಗಿದ್ದಾಗಲೇ ಆರೂ ಸಿಲಿಂಡರಿನ ಕಂಪ್ರೆಷನ್ ಅಳೆಸಿಬಿಡಿ, ಎರಡನೇ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಟರ್ಬೊ ಕೂಡಿಸಲು ಕಾನೂನಿನ ಕಡೆಯಿಂದಲೂ ದಾರಿ ಸಲೀಸಿಲ್ಲ. ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ 1988ರ ಅದೇ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದು ಬೀಳುವುದು ಮಾಲೀಕರ ಮೇಲೆ. ಆರ್‌ಸಿ ಅಪ್ಪನ ಹೆಸರಿನಲ್ಲಿದೆ. ಎಂಟು ವರ್ಷ ದಾಟಿದ ಲಾರಿಗೆ ವರ್ಷ ವರ್ಷ ಎಫ್‌ಸಿ ಆಗಬೇಕು, ಆರ್‌ಟಿಓ ಕಣ್ಣು ತಪ್ಪಿಸುವ ಆಟ ಎಷ್ಟು ವರ್ಷ ನಡೆದೀತು? ನಾಳೆ ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಲು ಕೂಡಿಸಿದ ಟರ್ಬೊ ಒಂದು ಒಳ್ಳೆಯ ನೆಪ.

ಹೆಚ್ಚಿನ ಬಲ ಬೇಕೇ ಬೇಕು ಎಂಬುದಾದರೆ, ಕಂಪನಿಯೇ ಕಟ್ಟಿದ ಟರ್ಬೊ ಎಂಜಿನ್ನನ್ನು ಅದರ ಪಂಪು, ರೇಡಿಯೇಟರ್ ಸಮೇತ ಪೂರ್ತಿ ಕೂಡಿಸುವುದು ಒಂದೇ ಗೌರವದ ದಾರಿ. ಅದಕ್ಕೆ ರಾಯಚೂರು ಆರ್‌ಟಿಓ ಅನುಮತಿಯನ್ನು ಮೊದಲೇ ಪಡೆಯಬೇಕು, ಹೊಸ ಎಂಜಿನ್ ನಂಬರು ಆರ್‌ಸಿಗೆ ಏರಬೇಕು. ಅಷ್ಟು ಹಣ ಈ ಲಾರಿಯ ಮೇಲೆ ಹಾಕುವುದಕ್ಕಿಂತ, ಅದನ್ನೇ ಸ್ವಲ್ಪ ಹೊಸ ಲಾರಿಯ ಮುಂಗಡಕ್ಕೆ ಇಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ತಮ್ಮನ ವಿಷಯ. ಹನ್ನೆರಡು, ಹದಿನಾಲ್ಕು ಚಕ್ರದ ಲಾರಿಗಳು ಮಿಲ್ಲಿನ ಲೋಡು ಎತ್ತಿಕೊಂಡು ಹೋಗುವುದನ್ನು ನೋಡಿ ಅವನಿಗೆ ಹೊಟ್ಟೆ ಉರಿದಿರಬೇಕು, ನನಗೆ ಅದು ಅರ್ಥವಾಗುತ್ತದೆ. ಆದರೆ ಆ ಗಾಡಿಗಳು ಕಾಲುವೆ ದಂಡೆಯ ದಾರಿಯಲ್ಲಿ ಇಳಿದು ತಿರುಗಿಸಿಕೊಂಡು ಬರಲಾರವು. ಹೊಲದ ಬುಡದಿಂದ ಮಿಲ್ಲಿನ ಬಾಗಿಲವರೆಗಿನ ಬಾಡಿಗೆ ನಿಮ್ಮ ಆರು ಚಕ್ರದ್ದು. ಆ ಗಿರಾಕಿಗಳನ್ನು ಹಿಡಿದಿಟ್ಟುಕೊಳ್ಳುವ ಚುರುಕು ಅವನಲ್ಲಿದೆ ಎಂದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಲಾರಿಯ ಲೆಕ್ಕದ ಪುಸ್ತಕ ಅವನ ಕೈಗೆ ಕೊಡಿ: ಎಷ್ಟು ಡೀಸೆಲ್ ಹಾಕಿಸಿದ್ದು, ಎಷ್ಟು ಕಿಲೋಮೀಟರ್ ಓಡಿದ್ದು, ಯಾವ ಲೋಡು.

ಪಂಪು ಬೆಂಚಿಗೆ ಹೋಗುವ ದಿನ ಅಪ್ಪನನ್ನೂ ತಮ್ಮನನ್ನೂ ಜೊತೆಗೇ ಕರೆದೊಯ್ಯಿರಿ. ನೀವು ನಡುವೆ ನಿಂತು ಮಾತು ಸಾಗಿಸುವ ಕೆಲಸ ಬೇಡ, ಗಾಜಿನ ಕೊಳವೆಯಲ್ಲಿ ಕಂಡದ್ದನ್ನು ಇಬ್ಬರೂ ಒಟ್ಟಿಗೆ ನೋಡಲಿ. ಕಂಪ್ರೆಷನ್ ಆರರಲ್ಲೂ ಹೆಚ್ಚುಕಡಿಮೆ ಸಮ ಬಂದರೆ ಪಂಪು, ನಾಜಲ್, ಏರ್ ಕ್ಲೀನರ್ ಕೆಲಸದಲ್ಲೇ ಲಾರಿ ಸುಧಾರಿಸುತ್ತದೆ. ಒಂದೆರಡು ಸಿಲಿಂಡರಿನಲ್ಲಿ ತೀರಾ ಇಳಿದಿದ್ದರೆ ಎಂಜಿನ್ ಇಳಿಸಿ ಬೋರು ಕೆಲಸ ಮಾಡಿಸಬೇಕಾಗುತ್ತದೆ. ಆ ಖರ್ಚಿಗೆ ಮೂರು ಕಡೆ ಅಂದಾಜು ಬರೆಸಿಕೊಳ್ಳಿ, ಹತ್ತಿ ಸೀಸನ್ನಿನ ದುಡಿಮೆಯಿಂದ ಎತ್ತಿಡಿ, ಬೇಸಿಗೆ ಭತ್ತ ಶುರುವಾಗುವ ಮೊದಲೇ ಮುಗಿಸಿ. ಚೀಟಿಯ ಅಳತೆಗಳನ್ನು ನನಗೂ ಬರೆದು ಕಳಿಸಿ, ನೋಡಿ ಹೇಳುತ್ತೇನೆ.